ಪೇಟೆಗೆ ಹೋದವರ ಫೋನಿಗೆ ಪಟ್ಟಿ ಬರದಿದ್ದರೆ

ಮನೆಯಲ್ಲಿ ನೀವು ಗೂಗಲ್ ಕೀಪ್ (ಪಟ್ಟಿ ಬರೆದು ಹಂಚಿಕೊಳ್ಳುವ ಆ್ಯಪ್) ಪಟ್ಟಿಗೆ ಸೇರಿಸಿದ ಸಾಮಾನು ತೀರ್ಥಹಳ್ಳಿ ಪೇಟೆಯಲ್ಲಿರುವ ನಿಮ್ಮ ಯಜಮಾನರ ಫೋನಿನಲ್ಲಿ ಕಾಣದಿರಲು ಬಹುಶಃ ಮನೆಯ ನೆಟ್‌ವರ್ಕೇ ಕಾರಣ. ಸಿಗ್ನಲ್ ಇಲ್ಲದಾಗ ಬರೆದದ್ದು ನಿಮ್ಮ ಫೋನಿನಲ್ಲೇ ಉಳಿದಿರುತ್ತದೆ.

ಮೊದಲು ಇಬ್ಬರೂ ವೈಫೈನಲ್ಲಿದ್ದಾಗ ಒಂದು ಸಾಮಾನು ಸೇರಿಸಿ ನೋಡಿ. ಆಗಲೂ ಬರದಿದ್ದರೆ, ಪಟ್ಟಿ ಹಂಚಿಕೊಂಡಿರುವ ಕಡೆ ಅವರ ಸರಿಯಾದ ಜಿಮೇಲ್ ವಿಳಾಸ ಇದೆಯಾ ನೋಡಿ. ಎರಡು ಖಾತೆ ಇದ್ದವರಲ್ಲಿ ಇದೇ ಎಡವಟ್ಟು. ವೈಫೈನಲ್ಲಿ ಬಂದರೆ ಹಂಚಿಕೆ ಸರಿಯಿದೆ; ಆಗ ಇಬ್ಬರ ಫೋನಿನಲ್ಲೂ ಬ್ಯಾಟರಿ ಸೇವರ್ ಆಫ್ ಮಾಡಿ, ಕೀಪ್‌ಗೆ ಬ್ಯಾಕ್‌ಗ್ರೌಂಡ್ ಡೇಟಾ (ಆ್ಯಪ್ ತೆರೆಯದಿದ್ದಾಗಲೂ ಇಂಟರ್ನೆಟ್ ಬಳಸುವುದು) ಆನ್ ಮಾಡಿ.

ಮಳೆಗಾಲದಲ್ಲಿ ಕರೆಂಟಿನ ಜೊತೆ ಟವರೂ ಹೋಗುತ್ತದಲ್ಲ, ಹಾಗಾಗಿ ಅವರು ಹೊರಡುವ ಮೊದಲೇ ಇಬ್ಬರೂ ಕೀಪ್ ತೆರೆದು ಪಟ್ಟಿ ಒಂದೇ ಇದೆಯಾ ನೋಡಿಕೊಳ್ಳಿ. ಆಮೇಲೆ ಜೀರಿಗೆ, ಬೆಲ್ಲ ನೆನಪಾದರೆ ಸೇರಿಸಿ, ಸಿಗ್ನಲ್ ಸಿಗುವ ಜಾಗಕ್ಕೆ ಬಂದು ಆ್ಯಪ್ ತೆರೆಯಿರಿ. ಅವರೂ ಅಂಗಡಿಯಲ್ಲಿ ಮತ್ತೊಮ್ಮೆ ತೆರೆಯಲಿ.