ತಿಂಗಳಿಗೆ 250 ಯೂನಿಟ್ ಸುಡುವ ಮನೆಗೆ ಸೋಲಾರ್ ಪ್ಯಾನಲ್ ಬೇಕೇ?

ನೀವು ಕೇಳಿರುವುದು ಇದು: ದಾವಣಗೆರೆಯಲ್ಲಿ ಸ್ವಂತ ಮನೆ, ನಾಲ್ಕು ಜನ, ತಿಂಗಳಿಗೆ 250 ಯೂನಿಟ್ ಆಸುಪಾಸು. ಗೃಹಜ್ಯೋತಿಗೆ ನೋಂದಣಿ ಆಗಿದೆ, ಆದರೆ ಈಗೀಗ 200 ದಾಟುತ್ತಿರುವುದರಿಂದ ಪೂರ್ತಿ ಬಿಲ್ಲು ಬರುತ್ತಿದೆ. ಸೋಲಾರ್ ಕಂಪನಿಯವರು 5 ಕಿಲೋವ್ಯಾಟ್ ಹಾಕಿಸಿ, ಬಿಲ್ಲೇ ಬರುವುದಿಲ್ಲ, ಕರೆಂಟ್ ಹೋದರೂ ಚಿಂತೆ ಇಲ್ಲ ಎನ್ನುತ್ತಿದ್ದಾರೆ. ಹಾಕಿಸಬೇಕಾ, ಬೇಡವಾ?

5 ಕಿಲೋವ್ಯಾಟ್ ಖಂಡಿತ ಬೇಡ. ಪ್ಯಾನಲ್ಲೇ ಬೇಕಾ ಅನ್ನುವುದನ್ನು ಗೀಸರ್ ನೋಡಿ ತೀರ್ಮಾನಿಸೋಣ. ನಾನು ತುಮಕೂರಿನವನು, ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಇದೆ, ಅದರಿಂದ ನನಗೆ ಸಂತೋಷವೂ ಇದೆ. ನಮ್ಮಲ್ಲಿ ಮೇಲೆ ಕೆಳಗೆ ಎರಡು ಸಂಸಾರ ಒಂದೇ ಮೀಟರಿನಲ್ಲಿದ್ದೇವೆ, ಬಳಕೆ ಜಾಸ್ತಿ. ಅದಕ್ಕೇ ನಮಗೆ ಲೆಕ್ಕ ಕೂಡಿಬಂತು. ನಿಮ್ಮ ಲೆಕ್ಕ ಬೇರೆ.

ಪ್ಯಾನಲ್ ನಿಮಗೆ ಉಳಿಸಿಕೊಡುವುದು ನೀವು ಈಗ ಕಟ್ಟುತ್ತಿರುವ ದುಡ್ಡನ್ನು ಮಾತ್ರ. ಹಾಗಾಗಿ ತಾರಸಿ ಎಷ್ಟು ಅಗಲ, ಸಬ್ಸಿಡಿ ಎಷ್ಟು ಎಂದು ನೋಡುವ ಮೊದಲು ಹಿಂದಿನ ಹನ್ನೆರಡು ತಿಂಗಳ ಬಿಲ್ಲು ತೆಗೆದಿಟ್ಟು ಯಾವ ತಿಂಗಳು ಎಷ್ಟು ಯೂನಿಟ್ ಎಂದು ಬರೆದುಕೊಳ್ಳಿ. ಬೆಸ್ಕಾಂ ಆ್ಯಪ್‌ನಲ್ಲೂ ಹಳೆಯ ಬಿಲ್ಲು ಸಿಗುತ್ತದೆ.

ಗೃಹಜ್ಯೋತಿಯ ನಿಯಮ ಗೊತ್ತಿರಬಹುದು, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಉತ್ತರ ಇರುವುದು ಅದರಲ್ಲೇ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿ ನಿಮ್ಮ ಉಚಿತ ಯೂನಿಟ್ ಗೊತ್ತುಮಾಡಿದ್ದಾರೆ. ಆಗ ಸರಾಸರಿ 165 ಇದ್ದರೆ ಈಗ ಸುಮಾರು 181 ಯೂನಿಟ್ ಉಚಿತ. 181ರ ಒಳಗಿದ್ದರೆ ಶೂನ್ಯ ಬಿಲ್ಲು. 181 ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿತೋ, ಆ ತಿಂಗಳು ಒಂದನೇ ಯೂನಿಟ್ಟಿನಿಂದಲೂ ಕಟ್ಟಬೇಕು. ನಿಮಗೆ ಆಗುತ್ತಿರುವುದು ಇದೇ. ಐವತ್ತು ಯೂನಿಟ್ಟಿನ ಸಲುವಾಗಿ ಇನ್ನೂರೈವತ್ತಕ್ಕೆ ದುಡ್ಡು ಹೋಗುತ್ತಿದೆ.

ಆ ಐವತ್ತು ಯೂನಿಟ್ ಎಲ್ಲಿ ಹೋಗುತ್ತಿದೆ? ನಿಮ್ಮ ಮನೆಯಲ್ಲಿ ನೀರು ಕಾಯಿಸುವುದು ಕರೆಂಟ್ ಗೀಸರ್ ಆಗಿದ್ದರೆ ಹುಡುಕುವ ಕೆಲಸವೇ ಇಲ್ಲ. 2 ಕಿಲೋವ್ಯಾಟಿನ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಎರಡರಿಂದ ಮೂರು ಯೂನಿಟ್ ಅಂದುಕೊಂಡರೂ ತಿಂಗಳಿಗೆ 60ರಿಂದ 90. ನೂರು ಲೀಟರಿನ ಸೋಲಾರ್ ವಾಟರ್ ಹೀಟರ್ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿ ಬರುತ್ತದೆ. ಅದನ್ನು ಹಾಕಿಸಿದರೆ ನೀವು ಮತ್ತೆ 180ರ ಹತ್ತಿರ ಇಳಿಯುತ್ತೀರಿ. ನಿಮ್ಮ ಉಚಿತ ಯೂನಿಟ್ ಅದಕ್ಕಿಂತ ಹೆಚ್ಚಿದ್ದರೆ ನಿಗದಿತ ಶುಲ್ಕವೂ ಸೇರಿ ಬಿಲ್ಲು ಸೊನ್ನೆ. ಲಕ್ಷದ ಮೇಲೆ ಖರ್ಚು ಮಾಡಿ ಪ್ಯಾನಲ್ ಹಾಕಿಸಿ ಉಳಿಸಬೇಕೆಂದಿದ್ದ ದುಡ್ಡು ಇಪ್ಪತ್ತೈದು ಸಾವಿರದಲ್ಲಿ ಉಳಿಯಿತು. ಹೀಗಿರುವ ಮನೆಗೆ ಪ್ಯಾನಲ್ ಹಾಕಿಸಿ ಎಂದು ನಾನು ಹೇಳುವುದಿಲ್ಲ.

ಹೀಟರ್ ತೆಗೆದುಕೊಳ್ಳುವಾಗ ಒಂದು ಮಾತು. ನಿಮ್ಮ ಮನೆಗೆ ಬೋರ್‌ವೆಲ್ ನೀರಾಗಿದ್ದು ಬಕೆಟ್ಟಿನ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಗಾಜಿನ ಕೊಳವೆ ಇರುವ ಮಾದರಿ ಒಳ್ಳೆಯದು. ತಾಮ್ರದ ಸಣ್ಣ ಪೈಪುಗಳಿರುವ ಫ್ಲ್ಯಾಟ್ ಪ್ಲೇಟ್ ಮಾದರಿಯಲ್ಲಿ ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡು ಕಾಲಕ್ರಮೇಣ ದಾರಿಯೇ ಮುಚ್ಚಿಹೋಗುತ್ತದೆ. ಮೋಡದ ದಿನಗಳಿಗೆ ಹಳೆಯ ಗೀಸರ್ ಇದ್ದಲ್ಲೇ ಇರಲಿ.

ಈಗ ಇನ್ನೊಂದು ಪಕ್ಕ. ನಿಮ್ಮಲ್ಲಿ ಈಗಾಗಲೇ ಸೋಲಾರ್ ಹೀಟರ್ ಇದ್ದು, ಆದರೂ 250 ಆಗುತ್ತಿದೆ, ಎಸಿ ಇದೆ, ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಬರಲಿದೆ, 200ರ ಒಳಗೆ ಇಳಿಯುವ ಮಾತೇ ಇಲ್ಲ ಎನ್ನಿ. ಆಗ ಪ್ಯಾನಲ್ ಹಾಕಿಸಿ, ತಡಮಾಡಬೇಡಿ. ನಮ್ಮ ಬಯಲುಸೀಮೆಯ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅದಕ್ಕಿಂತ ಹೆಚ್ಚು, ಜುಲೈ ಆಗಸ್ಟಿನ ಮೋಡದಲ್ಲಿ ಎಷ್ಟೋ ಕಡಿಮೆ. ಅಂದರೆ 2 ಕಿಲೋವ್ಯಾಟ್‌ಗೆ ತಿಂಗಳಿಗೆ ಸುಮಾರು 230, 240 ಯೂನಿಟ್. ನಿಮ್ಮ ಬಳಕೆಗೆ ಇಷ್ಟು ಸಾಕು. ಸ್ಕೂಟರ್, ಎಸಿ ಎರಡೂ ಬರುವುದು ಖಾತ್ರಿಯಿದ್ದರೆ 3.

ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ಸಬ್ಸಿಡಿ ಇದೆ. 3 ಕಿಲೋವ್ಯಾಟ್‌ಗೆ ಒಟ್ಟು 78,000. ಅಲ್ಲಿಗೆ ಮುಗಿಯಿತು. 5 ಹಾಕಿಸಿದರೂ 10 ಹಾಕಿಸಿದರೂ ಅದೇ 78,000. ನಿಮಗೆ 5 ಕಿಲೋವ್ಯಾಟ್ ಹೇಳಿದವರು ಇದನ್ನು ಹೇಳಿದರಾ? ಮೇಲಿನ ಎರಡು ಕಿಲೋವ್ಯಾಟ್ ಪೂರ್ತಿ ನಿಮ್ಮ ಕೈಯಿಂದ. ಅದು ಉತ್ಪಾದಿಸುವುದು ನಿಮಗೆ ಬೇಡದ ಕರೆಂಟ್. ಹೆಚ್ಚಾದದ್ದನ್ನು ಬೆಸ್ಕಾಂ ಕೊಳ್ಳುತ್ತದೆ ನಿಜ, ಆದರೆ ನೀವು ಕೊಳ್ಳುವ ದರಕ್ಕೂ ಅವರು ಕೊಡುವ ದರಕ್ಕೂ ತುಂಬ ಅಂತರ. ಸುಮಾರು ಹತ್ತು ವರ್ಷದ ಹಿಂದೆ ತಾರಸಿ ಕರೆಂಟಿಗೆ ಒಳ್ಳೆಯ ದರ ಸಿಗುತ್ತಿತ್ತು, ಮಾರಿ ದುಡ್ಡು ಮಾಡಬಹುದು ಎಂಬ ಮಾತು ಆ ಕಾಲದ್ದು.

ಇನ್ನೊಂದು ಹಳೆಯ ಲೆಕ್ಕವೂ ಕೊಟೇಶನ್ನಿನಲ್ಲಿ ಕಾಣಿಸುತ್ತದೆ. ಯೂನಿಟ್‌ಗೆ 8, 9 ರೂಪಾಯಿ ಉಳಿಯುತ್ತದೆ ಎಂದು ಬರೆದಿರುತ್ತಾರೆ. ನಮ್ಮ ರಾಜ್ಯದಲ್ಲಿ ಮನೆ ಬಳಕೆಯ ದರ 2024ರ ಏಪ್ರಿಲ್‌ನಲ್ಲಿ 100 ಯೂನಿಟ್ ದಾಟಿದವರಿಗೆ 7 ರೂಪಾಯಿಯಿಂದ 5.90ಕ್ಕೆ ಇಳಿಯಿತು, 2025ರಲ್ಲಿ 5.80 ಆಯಿತು. ಮೇಲೆ ವಿದ್ಯುತ್ ಇಲಾಖೆ ನೌಕರರ ಪಿಂಚಣಿ ಬಾಬ್ತಿಗೆ ಯೂನಿಟ್ಟಿನ ಮೇಲೆ ಹಾಕುವ ಪೈಸೆಗಳು, ಶೇ. 9 ತೆರಿಗೆ ಎಲ್ಲ ಸೇರಿಸಿದರೂ ಆರೂವರೆ, ಏಳರೊಳಗೆ ನಿಲ್ಲುತ್ತದೆ. ಆ ದರದಲ್ಲಿ 2 ಕಿಲೋವ್ಯಾಟ್ ನಿಮಗೆ ತಿಂಗಳಿಗೆ ಸಾವಿರದ ಐನೂರರ ಆಸುಪಾಸು ಉಳಿಸುತ್ತದೆ. ಹಾಕಿಸಲು ಒಂದು ಲಕ್ಷ ನಲವತ್ತು ಸಾವಿರ ಆದರೆ, ಸಬ್ಸಿಡಿ 60,000 ಕಳೆದು ಎಂಬತ್ತು ಸಾವಿರ. ನಾಲ್ಕೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಪ್ಯಾನಲ್ಲಿಗೆ 25 ವರ್ಷದ ಉತ್ಪಾದನಾ ಖಾತರಿ ಇರುತ್ತದೆ, ಪ್ಯಾನಲ್ಲಿನ ಕರೆಂಟನ್ನು ಮನೆಯಲ್ಲಿ ಬಳಸುವ ಕರೆಂಟಾಗಿ ಮಾಡಿಕೊಡುವ ಇನ್ವರ್ಟರನ್ನು ನಡುವೆ ಒಮ್ಮೆ ಬದಲಿಸಬೇಕಾಗಬಹುದು. ಬ್ಯಾಂಕಿನಲ್ಲಿ ಹಣ ಇಡುವುದಕ್ಕಿಂತ ಇದು ಚೆನ್ನ ಎಂದು ಧೈರ್ಯವಾಗಿ ಹೇಳುತ್ತೇನೆ.

ಬಿಲ್ಲೇ ಬರುವುದಿಲ್ಲ ಎನ್ನುವುದು ಮಾತ್ರ ಸುಳ್ಳು. ಮಂಜೂರಾದ ಲೋಡಿಗೆ, ಅಂದರೆ ನಿಮ್ಮ ಸಂಪರ್ಕಕ್ಕೆ ಬೆಸ್ಕಾಂ ಒಪ್ಪಿರುವ ಮಿತಿಗೆ, ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕ ಇದೆಯಲ್ಲ, ಅದು ಸೋಲಾರ್ ಇದ್ದರೂ ಬರುತ್ತದೆ. ಒಂದೊಂದು ಕಿಲೋವ್ಯಾಟ್‌ಗೂ ನೂರು ರೂಪಾಯಿಗೆ ಮೇಲೆ. ನಿಮ್ಮ ಲೋಡ್ 2 ಇದ್ದು ಪ್ಯಾನಲ್ 5 ಹಾಕಿಸಿದರೆ ಲೋಡನ್ನೂ ಅದಕ್ಕೆ ತಕ್ಕಂತೆ ಏರಿಸುತ್ತಾರೆ, ಜೊತೆಗೆ ಶುಲ್ಕವೂ ಏರುತ್ತದೆ, ಪ್ರತಿ ತಿಂಗಳೂ. ದೊಡ್ಡದು ಬೇಡ ಎನ್ನಲು ಇದೂ ಒಂದು ಕಾರಣ.

ಕರೆಂಟ್ ಹೋದರೂ ಚಿಂತೆ ಇಲ್ಲ ಎಂದಿದ್ದಾರಲ್ಲ, ಅದನ್ನು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದ, ಬೀದಿ ಲೈನಿಗೆ ಜೋಡಿಸಿದ ಆನ್‌ಗ್ರಿಡ್. ಬೀದಿಯಲ್ಲಿ ಕರೆಂಟ್ ಹೋದ ಕ್ಷಣವೇ ಅದರ ಇನ್ವರ್ಟರ್ ತಾನಾಗಿ ನಿಂತುಬಿಡುತ್ತದೆ. ನಿಲ್ಲಲೇಬೇಕು. ಕಂಬ ಹತ್ತಿ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟ್ ಹೊಡೆದರೆ ಗತಿಯೇನು? ನಮ್ಮ ಬಡಾವಣೆಯಲ್ಲೇ ಒಬ್ಬರು ಲೋಡ್‌ಶೆಡ್ಡಿಂಗ್ ಕಾಟ ತಪ್ಪುತ್ತದೆಂದು ನಂಬಿ ಹಾಕಿಸಿದರು. ಏಪ್ರಿಲ್ ಮಧ್ಯಾಹ್ನ, ತಲೆ ಮೇಲೆ ರಣಬಿಸಿಲು, ಆರು ಪ್ಯಾನಲ್ ಹೊಳೆಯುತ್ತಿವೆ, ಕೆಳಗೆ ಫ್ಯಾನ್ ನಿಂತಿದೆ. ವಯಸ್ಸಾದ ತಾಯಿಗಾಗಿಯೇ ಅವರು ಹಾಕಿಸಿದ್ದು. ಮಾರಿದವರು ಮೊದಲೇ ಒಂದು ಮಾತು ಹೇಳಬಹುದಿತ್ತು. ನಿಮಗೆ ಕರೆಂಟ್ ಹೋದಾಗಿನ ತೊಂದರೆಯೇ ಮುಖ್ಯವಾದರೆ ಮಾಮೂಲಿ ಯುಪಿಎಸ್, ಒಂದು ಒಳ್ಳೆಯ ಟ್ಯೂಬ್ಯುಲರ್ ಬ್ಯಾಟರಿ ಸಾಕು. ಬ್ಯಾಟರಿ ಇರುವ ಹೈಬ್ರಿಡ್ ಸೋಲಾರ್ ಸಿಗುತ್ತದೆ, ಆದರೆ ಬ್ಯಾಟರಿಯ ಬೆಲೆ ಸೇರಿದರೆ ಮೇಲಿನ ನಾಲ್ಕೂವರೆ ವರ್ಷದ ಲೆಕ್ಕ ನಿಲ್ಲುವುದಿಲ್ಲ.

ತಾರಸಿಯ ವಿಚಾರ. ಯಾರನ್ನೂ ಕರೆಸುವ ಮೊದಲು ನೀವೇ ಹತ್ತಿ ನೋಡಿ. ಡಿಸೆಂಬರ್, ಜನವರಿಯಲ್ಲಿ ನೋಡಿದರೆ ಇನ್ನೂ ಒಳ್ಳೆಯದು, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಬೆಳಿಗ್ಗೆ ಒಂಬತ್ತಕ್ಕೆ, ನಡುಮಧ್ಯಾಹ್ನ, ಮೂರು ಗಂಟೆಗೆ ನೀರಿನ ಟ್ಯಾಂಕು, ಮೆಟ್ಟಿಲಿನ ಕೋಣೆ, ಪಕ್ಕದ ಮನೆಯ ತೆಂಗಿನ ಮರ ಇವುಗಳ ನೆರಳು ಎಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೂರೂ ಹೊತ್ತಿನಲ್ಲಿ ಗೆರೆ ಬೀಳದ ಜಾಗವೇ ಪ್ಯಾನಲ್ಲಿನ ಜಾಗ. ಪ್ಯಾನಲ್‌ಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. 540 ವ್ಯಾಟಿನ ಒಂದು ಪ್ಯಾನಲ್ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. 2 ಕಿಲೋವ್ಯಾಟ್‌ಗೆ ಇಂಥವು ನಾಲ್ಕು, ನಡುವೆ ಓಡಾಡಿ ಒರೆಸಲು ಜಾಗ ಬಿಡಬೇಕು. ದಕ್ಷಿಣದ ಪಕ್ಕದ ಸೈಟು ಖಾಲಿ ಇದ್ದರೆ ಅಲ್ಲಿ ಮೂರು ಮಹಡಿ ಎದ್ದರೆ ಏನು ಎಂದೂ ಯೋಚಿಸಿ. ನೀವೇ ಮೇಲೆ ಮನೆ ಕಟ್ಟುವ ಆಲೋಚನೆಯಲ್ಲಿದ್ದರೆ ಅದು ಮುಗಿಯುವವರೆಗೆ ಕಾಯಿರಿ. ಕಂಬ ನಿಲ್ಲಿಸಲು ತಾರಸಿಗೆ ತೂತು ಕೊರೆಯುವ ಬದಲು ಕಾಂಕ್ರೀಟ್ ಪೀಠ ಹಾಕಿ ನಿಲ್ಲಿಸಲು ಹೇಳಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಸೋರುತ್ತದೆ.

ಕೊನೆಗೆ ಕಾಗದಪತ್ರ. ತುಂಬ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ? ತೀರಿಹೋದ ತಂದೆಯ ಹೆಸರಿನಲ್ಲೋ, ಮನೆ ಮಾರಿದವರ ಹೆಸರಿನಲ್ಲೋ ಇದ್ದರೆ ಮೊದಲು ಸಬ್‌ಡಿವಿಷನ್ ಆಫೀಸಿಗೆ ಹೋಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಬಿಲ್ಲಿನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಹೊಂದದಿದ್ದರೆ ಸಬ್ಸಿಡಿ ನಿಂತುಹೋಗುತ್ತದೆ. ಅರ್ಜಿ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು, ಅಲ್ಲಿ ನೋಂದಾಯಿತ ಕಂಪನಿಗಳ ಪಟ್ಟಿಯೂ ಇದೆ. ಕನಿಷ್ಠ ಮೂವರಿಂದ ಕೊಟೇಶನ್ ತೆಗೆದುಕೊಳ್ಳಿ. ಅದರಲ್ಲಿ ಪ್ಯಾನಲ್ಲಿನ ಮಾದರಿ, ಸೆಲ್ಲೂ ಪ್ಯಾನಲ್ಲೂ ಎರಡೂ ಭಾರತದಲ್ಲೇ ತಯಾರಾದದ್ದು ಎಂಬ ಮಾತು, ಐದು ವರ್ಷದ ನಿರ್ವಹಣೆ, ಅರ್ಥಿಂಗ್, ಸಿಡಿಲು ರಕ್ಷಕ ಎಲ್ಲ ಬರವಣಿಗೆಯಲ್ಲಿರಲಿ. ಹೊರದೇಶದ ಸೆಲ್ ಇದ್ದರೆ ಸಬ್ಸಿಡಿ ಇಲ್ಲ.

ಹಣ ಕಂತಿನಲ್ಲೇ ಕೊಡಿ. ಪ್ಯಾನಲ್ ಕೂರಿಸಿದ ತಕ್ಷಣ ಪೂರ್ತಿ ಕೇಳುತ್ತಾರೆ, ಕೊಡಬೇಡಿ. ಬೆಸ್ಕಾಂನವರು ಬಂದು ಪರಿಶೀಲಿಸಿ ಎರಡು ಕಡೆಯ ಲೆಕ್ಕ ಹಿಡಿಯುವ ನೆಟ್ ಮೀಟರ್ ಕೂರಿಸುವವರೆಗೆ ಒಂದು ಕಂತು ನಿಮ್ಮ ಕೈಯಲ್ಲೇ ಇರಲಿ. ಅಲ್ಲಿಯವರೆಗೆ ಸಿಸ್ಟಮ್ ಆನ್ ಮಾಡಿಸಲೂಬೇಡಿ. ಈಗಿರುವ ಡಿಜಿಟಲ್ ಮೀಟರುಗಳಲ್ಲಿ ಎಷ್ಟೋ ಮೀಟರುಗಳಿಗೆ ಒಳಗೆ ಬಂದದ್ದು, ಹೊರಗೆ ಹೋದದ್ದು ಬೇರೆ ಬೇರೆ ಎಂದು ಗೊತ್ತಾಗುವುದಿಲ್ಲ. ನೀವು ಬೀದಿಗೆ ಕಳಿಸಿದ ಯೂನಿಟ್ಟನ್ನೂ ಬಳಕೆ ಎಂದೇ ಬರೆದುಕೊಂಡು ಬಿಲ್ಲು ಹಾಕುತ್ತವೆ.

ನಿಮ್ಮ ಹನ್ನೆರಡು ತಿಂಗಳ ಯೂನಿಟ್ ಮತ್ತು ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಇಲ್ಲಿ ಬರೆದರೆ 2 ಸಾಕೋ 3 ಬೇಕೋ ಎಂದು ಕೂತು ಲೆಕ್ಕ ಹಾಕಿಕೊಡುತ್ತೇನೆ. ಗೀಸರ್ ಇದೆಯೋ ಇಲ್ಲವೋ ಅದನ್ನೂ ಮರೆಯದೆ ತಿಳಿಸಿ.