ಕೊಡೆಯ ಬಗ್ಗೆ ಯಾಕೆ ಕೇಳಲಿಲ್ಲ?

ಈ ವಾರ ಬಂದ ಒಂದು ಪತ್ರವನ್ನು ನಾನು ನಾಲ್ಕು ಸಲ ಓದಿದೆ. ಬರೆದವರಿಗೆ 36 ವರ್ಷ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳತಿ ಈಗ ತಮ್ಮ ಮೊದಲ ಸಿನಿಮಾ ಮಾಡಿದ್ದಾರೆ. ಬಿಡುಗಡೆಗೆ ಐದು ದಿನ ಇರುವಾಗ ಒಂದು ವಿಶೇಷ ಪ್ರದರ್ಶನ ಇತ್ತು, ಅದಾದ ಮೇಲೆ ಪ್ರಶ್ನೋತ್ತರ. ಇವರಿಗೆ ಮೂರನೇ ಸಾಲಿನಲ್ಲಿ ಸೀಟು. ಮೈಕು ಕೈಗೆ ಬಂದಾಗ ಇವರು ಕೇಳಿದ್ದು: ‘ಇಂಟರ್ವಲ್ ಆದಮೇಲೆ ಯಾಕಿಷ್ಟು ಎಳೆದಿದ್ದೀಯ? ಅರ್ಧ ಗಂಟೆ ಕತ್ತರಿಸಬಹುದಿತ್ತು ಅಲ್ವಾ?’ ನಿರೂಪಕರು ತಕ್ಷಣ ‘ನೋಡಿ, ಸ್ವಂತ ಗೆಳತಿಗೇ ಬೋರ್ ಆಗಿದೆ’ ಅಂದರು. ಹಾಲ್ ಪೂರ್ತಿ ನಕ್ಕಿತು. ಅವತ್ತಿನಿಂದ ಗೆಳತಿ ಫೋನ್ ಎತ್ತುತ್ತಿಲ್ಲ. ‘ನಿಜ ಹೇಳಿದ್ದು ತಪ್ಪಾ? ನಾನು ಕ್ಷಮೆ ಕೇಳಬೇಕಾ?’ ಇದು ಅವರ ಪ್ರಶ್ನೆ.

ಮೊದಲು ಆ ನಿರೂಪಕರ ಬಗ್ಗೆ ಹೇಳಿಬಿಡುತ್ತೇನೆ. ನನಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟು ಬಂದಿರುವುದು ಅವರ ಮೇಲೆ. ವೇದಿಕೆ ಮೇಲೆ ಕೂತವರನ್ನು ಕಾಯುವುದೇ ನಿರೂಪಕರ ಕೆಲಸ. ಒರಟು ಪ್ರಶ್ನೆ ಬಂದರೆ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಮುಂದಕ್ಕೆ ದಾಟಿಸಬೇಕು. ‘ಎರಡನೇ ಭಾಗದ ನಿಧಾನದ ಬಗ್ಗೆ ಕೇಳ್ತಿದ್ದಾರೆ, ನೀವೇನು ಯೋಚನೆ ಮಾಡಿದ್ರಿ?’ ಅಂದಿದ್ದರೆ ಸಾಕಿತ್ತು. ನಿಮ್ಮ ಮಾತು ನೋಯಿಸಿರಬಹುದು, ಆದರೆ ಅವಮಾನ ಆಗಿದ್ದು ಆ ನಗುವಿನಿಂದ.

ಇನ್ನು ನಿಮ್ಮ ವಿಷಯ. ಸಿನಿಮಾ ಎಳೆದಿದೆ ಅಂತ ನಿಮಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಬಿಡುಗಡೆಗೆ ಐದು ದಿನ ಇದೆ ಅಂದರೆ ಎಡಿಟಿಂಗ್ ಮುಗಿದು, ಬಣ್ಣ ತಿದ್ದಿ, ಸೌಂಡ್ ಮಿಕ್ಸ್ ಆಗಿ, ಥಿಯೇಟರ್‌ಗಳಿಗೆ ಹೋಗುವ ಡಿಜಿಟಲ್ ಪ್ರತಿಯೂ ತಯಾರಾಗಿರುತ್ತದೆ. ಕತ್ತರಿಸಿ ಅಂತ ಹೇಳಲು ಬೇರೆ ಹೊತ್ತಿದೆ. ಎಡಿಟಿಂಗ್ ಇನ್ನೂ ನಡೆಯುತ್ತಿರುವಾಗ ಕೆಲವು ನಿರ್ದೇಶಕರು ಪರೀಕ್ಷೆಗೆಂದೇ ಒಂದು ಪ್ರದರ್ಶನ ಇಡುತ್ತಾರೆ. ನೋಡಿದವರು ಕಾರ್ಡಿನಲ್ಲಿ ಅಭಿಪ್ರಾಯ ಬರೆದು ಕೊಡುತ್ತಾರೆ. ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ ಸಿನಿಮಾ ‘ಸನ್‌ಸೆಟ್ ಬುಲೆವಾರ್ಡ್’ 1950ರಲ್ಲಿ ಬಂತು. ಮೊದಲು ಅದು ಶವಾಗಾರದಲ್ಲಿ ಹೆಣಗಳು ಮಾತಾಡುವ ದೃಶ್ಯದಿಂದ ಶುರುವಾಗುತ್ತಿತ್ತು. ಬಿಡುಗಡೆಗೆ ಮುಂಚೆ ತೋರಿಸಿದಾಗ ಜನ ಅಲ್ಲಿ ನಕ್ಕುಬಿಟ್ಟರು. ವೈಲ್ಡರ್ ಆ ದೃಶ್ಯವನ್ನೇ ತೆಗೆದರು. ಅಲ್ಲಿ ತಿದ್ದಲು ಸಮಯ ಇತ್ತು. ನಿಮ್ಮ ಗೆಳತಿಗೆ ಇರಲಿಲ್ಲ.

ಇದೇ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಆಪ್ತರಿಗೆ ಹೇಳಬೇಕಾದ ಕಹಿ ಮಾತನ್ನು ಮೈಕಿನಲ್ಲಿ ಹೇಳಬೇಡಿ. ಉತ್ತರ ತಿಳಿಯುವ ಆಸೆ ಇದ್ದರೆ ಮಾತ್ರ ಅದು ಪ್ರಶ್ನೆ. ‘ಕತ್ತರಿಸಬಹುದಿತ್ತು ಅಲ್ವಾ’ ಅನ್ನುವುದು ತೀರ್ಪು.

ಆದರೆ ನಾನು ಪತ್ರವನ್ನು ನಾಲ್ಕು ಸಲ ಓದಿದ್ದು ಇದಕ್ಕಲ್ಲ. ಎರಡನೇ ಪುಟದ ಕೊನೆಯಲ್ಲಿ, ಬ್ರ್ಯಾಕೆಟ್ ಒಳಗೆ, ಒಂದು ಸಾಲು ಇದೆ. ‘ಹಿಂದಿನ ರಾತ್ರಿ ಫೋನ್ ಮಾಡಿ, ಕೊಡೆ ಸೀನ್ ಹೇಗೆ ಹೊಳೀತು ಅಂತ ಕೇಳು ಅಂದಿದ್ದಳು. ಹೇಳಿಕೊಟ್ಟ ಪ್ರಶ್ನೆ ಕೇಳೋದು ನನಗಾಗಲ್ಲ, ಹಾಗಾಗಿ ಕೇಳಲಿಲ್ಲ.’

ಈಗ ನಿಮ್ಮ ಪತ್ರದ ಮೊದಲ ಸಾಲು ನೋಡಿ. ‘ನಾವಿಬ್ಬರೂ ಒಂದೇ ಕೊಡೆಯಲ್ಲಿ ಶಾಲೆಗೆ ಹೋದವರು’ ಅಂತ ನೀವೇ ಬರೆದಿದ್ದೀರಿ.

ಎರಡೂ ನಿಮ್ಮದೇ ಕೈಬರಹ. ಎರಡನ್ನೂ ಸೇರಿಸಿ ಓದಲು ನಿಮಗೆ ಹೊಳೆಯಲೇ ಇಲ್ವಾ? ಯಾರೂ ಕೈ ಎತ್ತದಿದ್ದರೆ ಮುಜುಗರ ಅಂತ ನಿರ್ದೇಶಕರು ಸ್ನೇಹಿತರಿಗೆ ಪ್ರಶ್ನೆ ಹೇಳಿಕೊಡುವುದುಂಟು, ನಿಜ. ಆದರೆ ಅದಕ್ಕೆ ಯಾವ ಪ್ರಶ್ನೆಯಾದರೂ ಆಗುತ್ತಿತ್ತು. ಅವರು ಕೊಡೆಯನ್ನೇ ಆರಿಸಿದರು. ನಿಮಗೇ ಹೇಳಿದರು, ಎದುರಿಗೇ ಕಾಣುವ ಹಾಗೆ ಮೂರನೇ ಸಾಲಿನಲ್ಲಿ ಕೂರಿಸಿದರು. ಅಷ್ಟು ಜನರ ಮುಂದೆ ನಿಮ್ಮ ಬಗ್ಗೆ ಒಂದು ಮಾತು ಹೇಳಬೇಕು ಅಂತಿದ್ದರು ಅಂತಲೇ ನನಗೆ ಅನ್ನಿಸುತ್ತದೆ.

ಇಂಥ ಪ್ರದರ್ಶನಗಳಿಗೆ ನಾನೂ ಹೋಗಿದ್ದೇನೆ. ದೀಪ ಹತ್ತಿದ ಮೇಲೆ ಮೊದಲ ಕೈ ಏಳುವವರೆಗಿನ ಆ ಒಂದು ನಿಮಿಷ ಬಹಳ ಉದ್ದ. ಹಿಂದಿನ ಸಾಲುಗಳಲ್ಲಿ ಜನ ಎದ್ದು ಹೋಗುವಾಗ ಸೀಟುಗಳು ಪಟಪಟ ಮಡಚಿಕೊಳ್ಳುತ್ತವೆ. ಒಮ್ಮೆ ಒಬ್ಬ ಹೊಸ ನಿರ್ದೇಶಕಿ ಕೊರಳಿನ ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. ಬೆರಳ ತುದಿ ಬೆಳ್ಳಗಾಗಿತ್ತು. ಕಣ್ಣು ಮಾತ್ರ ಪರಿಚಯದ ಮುಖ ಹುಡುಕುತ್ತಿತ್ತು. ನಿಮ್ಮ ಗೆಳತಿಗೆ ಅವತ್ತು ಆ ಮುಖ ಸಿಕ್ಕಿತ್ತು. ನೀವು ಕೈ ಎತ್ತಿದಾಗ ಅವರಿಗೆ ಎಷ್ಟು ಸಮಾಧಾನ ಆಗಿರಬೇಕು, ಸ್ವಲ್ಪ ಯೋಚಿಸಿ.

ಹಾಗಾಗಿ ಮೆಸೇಜಿನಲ್ಲಿ ಸಾರಿ ಬೇಡ. ಹೂವಿನ ಚಿತ್ರ ಬೇಡ. ‘ನಾನು ಇರೋದೇ ಹೀಗೆ’ ಅನ್ನುವ ವಿವರಣೆಯಂತೂ ಬೇಡವೇ ಬೇಡ. ಒಂದೇ ಕೆಲಸ ಮಾಡಿ. ನಾಳೆ ಅವರ ಮನೆಗೆ ಹೋಗಿ. ಬಾಗಿಲು ತೆಗೆದ ಕೂಡಲೇ, ‘ಆ ಕೊಡೆ ಸೀನ್ ನಿನಗೆ ಹೇಗೆ ಹೊಳೀತು?’ ಅಂತ ಕೇಳಿ. ಆಮೇಲೆ ಅವರು ಅತ್ತರೂ ಬೈದರೂ, ಹೇಳಿ ಮುಗಿಸುವವರೆಗೆ ನೀವು ಬಾಯಿ ತೆಗೆಯಬೇಡಿ.