ಅಮೆರಿಕದ ನಾಟಕ: ಮೊದಲು ಯಾವುದು ಓದಬೇಕು?

ಪ್ರಶ್ನೆ: ದಾವಣಗೆರೆಯ ನಮ್ಮ ಓದುಬಳಗದಲ್ಲಿ ಒಂಬತ್ತು ಮಂದಿ ಇದ್ದೇವೆ. ತಿಂಗಳಿಗೊಮ್ಮೆ ಎರಡು ಗಂಟೆ ಸೇರುತ್ತೇವೆ. ಈ ವರ್ಷ ಅಮೆರಿಕದ ಆಧುನಿಕ ನಾಟಕಗಳನ್ನು ಇಂಗ್ಲಿಷಿನಲ್ಲೇ, ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವ ಆಸೆ. ‘ಡೆತ್ ಆಫ್ ಎ ಸೇಲ್ಸ್‌ಮನ್’ನಿಂದ ಶುರು ಮಾಡಬಹುದೇ?

ಉತ್ತರ: ಆರ್ಥರ್ ಮಿಲ್ಲರ್ ಅವರ ಆ ನಾಟಕ (1949) ಖಂಡಿತ ಓದಿ, ಆದರೆ ಮೊದಲಿಗೆ ಬೇಡ. ನಾಯಕ ವಿಲಿ ಲೋಮನ್‌ನ ಇಂದು ಮತ್ತು ನೆನಪು ಅಲ್ಲಿ ಒಂದರೊಳಗೊಂದು ಬೆರೆತಿವೆ. ರಂಗದ ಮೇಲಾದರೆ ಬೆಳಕು, ಕೊಳಲು ಆ ದಾಟನ್ನು ತಿಳಿಸುತ್ತವೆ. ಬರೀ ಮಾತು ಕೇಳುವವರಿಗೆ ಇದು ಯಾವ ಕಾಲ ಎಂಬುದೇ ತಪ್ಪಿಹೋಗುತ್ತದೆ.

ಮೊದಲ ತಿಂಗಳಿಗೆ ಜಾನ್ ಪ್ಯಾಟ್ರಿಕ್ ಶಾನ್ಲಿ ಅವರ ‘ಡೌಟ್’ (2004) ಸೂಕ್ತ. ನಾಲ್ಕೇ ಪಾತ್ರ, ಸುಮಾರು ಒಂದೂವರೆ ಗಂಟೆ. ಚರ್ಚೆಗೆ ಅರ್ಧ ಗಂಟೆ ಉಳಿಯುತ್ತದೆ. 1964ರ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನ ಚರ್ಚ್ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಗೆ ಒಬ್ಬ ಹುಡುಗನ ವಿಷಯದಲ್ಲಿ ಪಾದ್ರಿ ಫಾದರ್ ಫ್ಲಿನ್ ಮೇಲೆ ಅನುಮಾನ. ತಪ್ಪು ನಡೆದಿದೆಯೋ ಇಲ್ಲವೋ ನಾಟಕ ಹೇಳುವುದಿಲ್ಲ. ಹಾಗಾಗಿ ಫಾದರ್ ಫ್ಲಿನ್ ಓದುವವರು ದನಿಯಲ್ಲಿ ಕಳ್ಳತನ ತಂದರೆ ನಾಟಕ ಅಲ್ಲಿಗೇ ಮುಗಿಯಿತು. ನೇರವಾಗಿ, ಪ್ರೀತಿಯಿಂದ ಓದಲಿ. ಆ ಹುಡುಗನ ತಾಯಿ ಮಿಸೆಸ್ ಮುಲ್ಲರ್ ಬರುವುದು ಒಂದೇ ದೃಶ್ಯಕ್ಕಾದರೂ ಅದನ್ನು ನಿಮ್ಮಲ್ಲಿ ಚೆನ್ನಾಗಿ ಓದುವವರಿಗೇ ಕೊಡಿ, ಅಲ್ಲಿಯವರೆಗಿನ ತೀರ್ಮಾನಗಳನ್ನು ಅಲುಗಿಸುವವಳು ಅವಳೇ. ರಂಗಸೂಚನೆಗೆ ಒಬ್ಬರು. ಉಳಿದ ನಾಲ್ವರು ಪುಸ್ತಕ ಮುಚ್ಚಿಟ್ಟು ಕೇಳಲಿ, ಚರ್ಚೆಯಲ್ಲಿ ಮೊದಲ ಮಾತೂ ಅವರದಾಗಲಿ.

ಆಮೇಲೆ ಲೊರೇನ್ ಹ್ಯಾನ್ಸ್‌ಬರಿ ಅವರ ‘ಎ ರೈಸಿನ್ ಇನ್ ದ ಸನ್’ (1959). ಷಿಕಾಗೋದ ಕಪ್ಪು ಕುಟುಂಬವೊಂದಕ್ಕೆ ತೀರಿಕೊಂಡ ಯಜಮಾನನ ವಿಮೆ ಹಣ 10,000 ಡಾಲರ್ ಬರುತ್ತದೆ. ತಾಯಿ 3,500 ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆಗೆ ಮುಂಗಡ ಕಟ್ಟುತ್ತಾಳೆ. ಉಳಿದ 6,500 ಮಗನ ಕೈಗೆ. ಅದರಲ್ಲಿ 3,000 ಮಗಳ ವೈದ್ಯಕೀಯ ಓದಿಗೆ. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ನಡುವೆ ಇಡಿ, ಜಗಳವೆಲ್ಲ ಅದರ ಸುತ್ತಲೇ. ಮೂರು ಅಂಕಗಳನ್ನು ಒಂದೇ ಸಂಜೆಗೆ ತುರುಕಬೇಡಿ. ಒಂದು ತಿಂಗಳು ಮೊದಲ ಅಂಕ, ಮರುತಿಂಗಳು ಉಳಿದೆರಡು. ಎಲ್ಲರ ಬಳಿಯೂ ಒಂದೇ ಆವೃತ್ತಿ ಇರಬೇಕು: ಮೊದಲ ಪ್ರದರ್ಶನದಲ್ಲಿ ಕೈಬಿಟ್ಟಿದ್ದ ಪಕ್ಕದ ಮನೆಯ ಮಿಸೆಸ್ ಜಾನ್ಸನ್ ದೃಶ್ಯ ಕೆಲವು ಆವೃತ್ತಿಗಳಲ್ಲಿದೆ, ಕೆಲವುಗಳಲ್ಲಿಲ್ಲ.

ನಿಮ್ಮೂರಿಗೆ ತೀರಾ ಹತ್ತಿರವಾಗುವುದು ಲಿನ್ ನಾಟೇಜ್ ಅವರ ‘ಸ್ವೆಟ್’ (2015). ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಕಾರ್ಖಾನೆ ಊರು. ಕಂಪನಿ ಕೆಲಸವನ್ನು ಮೆಕ್ಸಿಕೊಗೆ ಸಾಗಿಸಲು ಹೊರಟಾಗ ಹಳೆಯ ಗೆಳತಿಯರೇ ಎದುರಾಳಿಗಳಾಗುತ್ತಾರೆ. ಕಾಟನ್ ಮಿಲ್ಲುಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಥೆ 2008ರಲ್ಲಿ ಶುರುವಾಗಿ 2000ಕ್ಕೆ ಹಿಂದಿರುಗುತ್ತದೆ. ಪ್ರತಿ ದೃಶ್ಯದ ಮೊದಲು ಇಸವಿಯನ್ನೂ ಅಲ್ಲಿರುವ ಸುದ್ದಿ ಸಾಲುಗಳನ್ನೂ ಜೋರಾಗಿ ಓದಿ. ಪಾತ್ರಗಳೂ ಒಂಬತ್ತೇ, ಪರೋಲ್ ಅಧಿಕಾರಿ ಇವಾನ್‌ನದು ಚಿಕ್ಕ ಪಾತ್ರ, ಅದನ್ನು ಓದುವವರೇ ರಂಗಸೂಚನೆಯನ್ನೂ ನೋಡಿಕೊಳ್ಳಲಿ. ಬೈಗುಳ ಬಹಳ ಇವೆ. ಓದುವುದೋ ಬಿಡುವುದೋ ಹಿಂದಿನ ತಿಂಗಳೇ ಒಪ್ಪಿಕೊಂಡಿರಿ. ನಡುವೆ ಒಬ್ಬರು ನುಂಗಿ, ಇನ್ನೊಬ್ಬರು ಓದಿದರೆ ಜಗಳದ ದೃಶ್ಯಗಳ ಬಿಸಿ ಆರಿಬಿಡುತ್ತದೆ.